ಮಡಿಕೆ

ಕೊನೆಯಿಂದ ಶುರುಮಾಡುತ್ತೇವೆ ನಾವು.
ನಲವತ್ತೆರಡನೆಯ ಮಣಿ ಮೊದಲು, ಅಲನಿನ್.
ರಾಳದ ಹರಳಿಗೆ ಅದನ್ನು ಕಚ್ಚಿಸಿ,
ತೊಳೆದು, ಟೋಪಿ ತೆಗೆದು, ಮತ್ತೆ ತೊಳೆದು
ನಲವತ್ತೊಂದು, ನಲವತ್ತು, ಮೂವತ್ತೊಂಬತ್ತು.
ಪಿಪೆರಿಡಿನ್ನಿನ ನಾತ ಸ್ವೆಟರಿಗೆ, ಕೂದಲಿಗೆ, ಉಗುರಿನ ಸಂದಿಗೆ;
ಜೂರಿಕ್ಕಿನ ಸಂಜೆಯ ಟ್ರಾಮಿನಲ್ಲಿ
ನನ್ನ ಪಕ್ಕದ ಸೀಟು ಯಾವಾಗಲೂ ಖಾಲಿ.

ಇಪ್ಪತ್ತರ ಹತ್ತಿರ ಸರ ಹಟ ಹಿಡಿಯುತ್ತದೆ.
ಫೀನೈಲಲನಿನ್, ಅದರ ಬೆನ್ನಿಗೇ ಇನ್ನೊಂದು,
ಜಿಡ್ಡುಮೈಯ ಅವಳಿಗಳು,
ಪಕ್ಕದ ಸರಕ್ಕೆ ಅಂಟಿಕೊಂಡು ಹೊಸಬರನ್ನು ಒಳಗೆ ಬಿಡವು.
ಬಿಸಿ ಮಾಡುತ್ತೇನೆ. ಬೈಯುತ್ತೇನೆ,
ನನ್ನ ಕಣಿವೆಯ ರೊಮಾಂಶಿನಲ್ಲಿ.
ಜರ್ಮನ್ ಬೈಗುಳಕ್ಕೆ ಅವು ಕರಗಿದ್ದಿಲ್ಲ.
ಮೊದಲನೆಯ ಮಣಿ ಎಲ್ಲಕ್ಕಿಂತ ಕೊನೆಗೆ,
ಮಂಗಳವಾರ ರಾತ್ರಿ, ಕಸ ಗುಡಿಸುವವರು ಬರುವ ಹೊತ್ತಿಗೆ.

ಅಮ್ಮನೂ ಕೊನೆಯಿಂದಲೇ ಬಿಚ್ಚಿಕೊಂಡಳು.
ಮೊದಲು ಹೋದದ್ದು ಹೋದ ವಾರ.
ಆಮೇಲೆ ಫೋನಿನ ಗುಟ್ಟಿನಂಕಿ, ಊರಿನ ಹೊಸ ಸೇತುವೆ,
ಅಪ್ಪ ತೀರಿಕೊಂಡ ಸುದ್ದಿ.
ಅದನ್ನು ಎರಡು ಸಲ ಹೇಳಿದೆ, ಎರಡು ಸಲವೂ ಹೊಸದಾಗಿ ಅತ್ತಳು;
ಮೂರನೆಯ ಸಲ, ಮೇಲಿನ ಹುಲ್ಲುಗಾವಲಿಗೆ ಹೋಗಿದ್ದಾರೆ, ಎಂದೆ.
ಇಪ್ಪತ್ತರಲ್ಲಿ ಕಲಿತ ಜರ್ಮನ್
ಒಂದೇ ಚಳಿಗಾಲದಲ್ಲಿ ಇಡಿಯಾಗಿ ಹೋಯಿತು.
ಈಗ ಉಳಿದಿರುವುದು ಅವಳ ಅಜ್ಜಿಮನೆಯ ಮಾತು,
ಆಡಿನ ಒಂದೊಂದು ಕಾಯಿಲೆಗೂ ಒಂದೊಂದು ಹೆಸರಿರುವುದು.
ಆಶ್ರಮದ ನರ್ಸ್ ಒಡೆಟೆ ಪೋರ್ಚುಗಲಿನವಳು,
ಅರ್ಧ ಅರ್ಥವಾಗುತ್ತದಂತೆ;
ಭಾಷೆಗಳೂ ದೂರದ ದಾಯಾದಿಗಳಲ್ಲವೆ.

ಬೀಟಾ ಎಂಬ ಅಕ್ಷರ
ನಮ್ಮಲ್ಲಿ ಎರಡು ಮನೆಗೆ ದುಡಿಯುತ್ತದೆ.
ಅಮ್ಮನ ತಲೆಯೊಳಗೆ ಪದರಗಟ್ಟುವುದರ ಹೆಸರಲ್ಲೂ ಅದೇ,
ನನ್ನ ಹೊಗೆಗೂಡಿನ ಸೀಸೆಯ ಚೀಟಿಯಲ್ಲೂ ಅದೇ.
ಸೀಸೆಯೊಳಗಿನದಕ್ಕೆ
ಮಣಿಮಣಿಯ ಬೆನ್ನೆಲುಬಿನಲ್ಲೂ ಒಂದು ಕಾರ್ಬನ್ ಹೆಚ್ಚು.
ಒಂದೇ ಒಂದು.
ಅಷ್ಟಕ್ಕೇ ಮೈಯೊಳಗಿನ ಕತ್ತರಿಗಳಿಗೆ ಅದರ ಗುರುತು ಹತ್ತುವುದಿಲ್ಲ;
ಮೂಸುತ್ತವೆ, ತಡವುತ್ತವೆ, ಬಿಟ್ಟುಬಿಡುತ್ತವೆ.
ಗುರುತು ಸಿಗದೆ ಬದುಕುಳಿಯುವ ವಸ್ತು.
ಹೋದ ಭಾನುವಾರ ಅಮ್ಮ,
ನೀವು ಯಾರ ಪೈಕಿ, ಎಂದು ಕೇಳಿದಾಗ ಇದನ್ನು ನೆನೆದೆ.
ಸಮಾಧಾನವೇನೂ ಆಗಲಿಲ್ಲ.

ಉಪಾಯ ಸಣ್ಣದು:
ಜಿಡ್ಡಿನ ಅವಳಿಗಳ ಪಕ್ಕದಲ್ಲಿ ನಮ್ಮ ನಕಲನ್ನು ಕೂರಿಸಿ
ಸಾಲು ಕೆಡಿಸುವುದು.
ತೊಂಬತ್ತಾರು ಗುಳಿಯ ತಟ್ಟೆ.
ಎಳೆ ಕಟ್ಟಿದ ಗುಳಿ ಹಸಿರಾಗಿ ಉರಿಯುತ್ತದೆ.
ಮಾರ್ಚಿನಲ್ಲಿ ಒಂದು ಸಾಲು ರಾತ್ರಿಯಿಡೀ ಕತ್ತಲಾಗಿಯೇ ಇತ್ತು.
ಪ್ರೊಫೆಸರ್ ಎಗ್ಗೆನ್‌ಶ್ವೈಲರ್ ಗಜ್ಜರಿಯ ಕೇಕು ತಂದರು.
ಏಪ್ರಿಲಿನಲ್ಲಿ ಅದೇ ಸೀಸೆ, ಅದೇ ಉಪ್ಪುನೀರು, ಅದೇ ಕೈ,
ಮೊದಲ ಗುಳಿಯಿಂದ ಕೊನೆಯ ಗುಳಿಯವರೆಗೂ ಹಸಿರು.
ಪುಸ್ತಕದಲ್ಲಿ ಬರೆದೆ: ಮತ್ತೆ ಮಾಡಬೇಕು.
ಸಹಿ. ತಾರೀಖು.

ದಾವೋಸಿನ ಹೋಟೆಲೊಂದರ ಬಟ್ಟೆಕೋಣೆಯಲ್ಲಿ
ಮೂವತ್ತೊಂದು ವರ್ಷ ಅಮ್ಮ ಹಾಸು ಮಡಿಸಿದಳು.
ಬಾಯಿಂದ ಹೋದದ್ದು ಕೈಯಿಂದ ಹೋಗಿಲ್ಲ.
ಒಡೆಟೆ ಒಣಗಿದ ಬುಟ್ಟಿ ತಂದಿಟ್ಟರೆ ಸಾಕು, ಎದ್ದು ನಿಲ್ಲುತ್ತಾಳೆ.
ಎರಡು ಮೂಲೆ ತನಗೆ,
ಎರಡು ಮೂಲೆ ಎದುರಿಗಿದ್ದವರಿಗೆ.
ತಪ್ಪು ಮಡಿಕೆ ಬಿದ್ದರೆ ಲೊಚಗುಟ್ಟಿ,
ಪೂರ್ತಿ ಬಿಚ್ಚಿಸಿ, ಕೊಡವಿ, ಮೊದಲಿನಿಂದ.
ನಮ್ಮ ಯಾವ ಯಂತ್ರಕ್ಕೂ ಆ ಲೊಚಗುಟ್ಟುವ ನಾಲಿಗೆಯಿಲ್ಲ.

ಇವತ್ತು ಎದುರಿಗಿರುವವಳು ನಾನು,
ಕೆಲಸಕ್ಕೆ ಹೊಸದಾಗಿ ಸೇರಿದ ಯಾರೋ ಹುಡುಗಿ.
ಎಳೆ, ಅನ್ನುತ್ತಾಳೆ. ಗಟ್ಟಿಯಾಗಿ ಎಳೆ, ಸುಕ್ಕು ಹೋಗಲಿ.
ಎಳೆಯುತ್ತೇನೆ.
ನಮ್ಮ ನಡುವೆ ಬಿಳಿ ಹಾಸು ಒಂದು ಕ್ಷಣ ಹಲಗೆಯಂತೆ ನಿಲ್ಲುತ್ತದೆ.
ಆಮೇಲೆ ಅವಳೊಂದು ಹೆಜ್ಜೆ, ನಾನೊಂದು,
ಬೆರಳಿಗೆ ಬೆರಳು ತಗಲುವವರೆಗೆ.
ನನ್ನ ಮೂಲೆಗಳನ್ನು ತೆಗೆದುಕೊಂಡು,
ನಿನ್ನ ಕೈ ಏನೋ ನಾರುತ್ತದಲ್ಲ ಮಗು, ಎಂದು
ಮುಂದಿನ ಹಾಸಿಗೆ ಬಗ್ಗುತ್ತಾಳೆ.